ಮೂಗಿಗೆ ತಾಗುವ ಗಾಳಿ: ಬೇಯೋನ್ ಮತ್ತು ಎಲಿಜಬೆತ್ ಊರುಗಳ ಒಂದು ಪ್ರಕರಣ ಅಧ್ಯಯನ

ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ, ನ್ಯೂವಾರ್ಕ್ ಕೊಲ್ಲಿಯ ಎರಡು ದಡಗಳಲ್ಲಿ ಬೇಯೋನ್ ಮತ್ತು ಎಲಿಜಬೆತ್ ಎಂಬ ಊರುಗಳಿವೆ. ತೈಲ ಶುದ್ಧೀಕರಣಾಗಾರ, ಪೆಟ್ರೋಲಿಯಂ ತುಂಬಿದ ಟ್ಯಾಂಕುಗಳ ಸಾಲು, ರಾಸಾಯನಿಕ ಕಾರ್ಖಾನೆಗಳು, ಬಂದರು, ಹಗಲಿರುಳೂ ವಾಹನ ಓಡಾಡುವ ಹೆದ್ದಾರಿ ಇವೆಲ್ಲವೂ ಜನವಸತಿಗೆ ಅಂಟಿಕೊಂಡೇ ಇದ್ದ ಪ್ರದೇಶ ಅದು. 1980ರ ಏಪ್ರಿಲ್‌ನಲ್ಲಿ ಎಲಿಜಬೆತ್‌ನಲ್ಲಿ ರಾಸಾಯನಿಕ ತ್ಯಾಜ್ಯದ ಡ್ರಮ್ಮುಗಳ ದಾಸ್ತಾನಿಗೆ ಬೆಂಕಿ ಹತ್ತಿಕೊಂಡು, ಊರಿನ ಗಾಳಿಯ ಬಗ್ಗೆ ಜನರಲ್ಲಿದ್ದ ಆತಂಕ ಇನ್ನಷ್ಟು ಗಟ್ಟಿಯಾಗಿತ್ತು. ಇಂಥ ಕಡೆ ವಾಸಿಸುವವರು ದಿನನಿತ್ಯ ಎಷ್ಟು ಬೆಂಜೀನ್ (ಪೆಟ್ರೋಲಿನಲ್ಲಿರುವ ವಿಷಕಾರಿ ಆವಿ), ಎಷ್ಟು ಕ್ಲೋರಿನ್‌ಯುಕ್ತ ದ್ರಾವಕಗಳನ್ನು ಉಸಿರಾಡುತ್ತಾರೆ, ಅವು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1981ರಿಂದ 1983ರವರೆಗೆ ಇಲ್ಲಿ ನಡೆಸಿದ ಮಾಪನವೇ ಈ ಅಧ್ಯಯನದ ವಿಷಯ. ಉತ್ತರ ಯಾರೂ ನಿರೀಕ್ಷಿಸಿದ ಕಡೆಯಿಂದ ಬರಲಿಲ್ಲ. ಗಾಳಿಯನ್ನು ಅಳೆಯುವಾಗ ಮಾಪಕವನ್ನು ಎಲ್ಲಿ ಇಡುತ್ತೇವೆ ಎಂಬುದರ ಮೇಲೆ ನಮಗೆ ಸಿಗುವ ಉತ್ತರವೇ ಬದಲಾಗುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಕರಣಗಳು ವಿರಳ.

ಹಿನ್ನೆಲೆಯನ್ನು ಒಂದೆರಡು ಮಾತಿನಲ್ಲಿ ಹೇಳಬೇಕು. ಈ ಸಂಸ್ಥೆ ಹುಟ್ಟಿದ್ದು 1970ರಲ್ಲಿ. ಅದೇ ವರ್ಷ ಬಲಗೊಂಡ ಶುದ್ಧಗಾಳಿ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ನಿಯಮಗಳಲ್ಲಿ ಗಾಳಿ ಎಂದರೆ ಕಟ್ಟಡಗಳ ಹೊರಗಿರುವ, ಸಾರ್ವಜನಿಕರು ಓಡಾಡಬಹುದಾದ ಜಾಗದ ವಾತಾವರಣ ಎಂಬ ವ್ಯಾಖ್ಯೆ ಇದೆ. ಹಾಗಾಗಿ ಮಾಪನ ಕೇಂದ್ರಗಳೂ ಹೊರಗೇ ಇದ್ದವು: ಸರ್ಕಾರಿ ಕಟ್ಟಡದ ಚಾವಣಿಯ ಮೇಲೋ ರಸ್ತೆಯ ಬದಿಯಲ್ಲೋ ಇಟ್ಟ ಯಂತ್ರ, ಅದು ದಿನಕ್ಕೊಂದು ಸರಾಸರಿ ಕೊಡುತ್ತದೆ, ಆ ಸರಾಸರಿಯೇ ಸುತ್ತಮುತ್ತಲಿನ ಸಾವಿರಾರು ಜನರ ಉಸಿರಿನ ಲೆಕ್ಕವೆಂದು ಭಾವಿಸಲಾಗುತ್ತದೆ. ಆದರೆ ಅಮೆರಿಕದ ಜನ ದಿನದ ಬಹುಪಾಲನ್ನು ಕಟ್ಟಡಗಳ ಒಳಗೇ ಕಳೆಯುತ್ತಾರೆ. ಅಲ್ಲಿ 1990ರ ದಶಕದಲ್ಲಿ ನಡೆದ ರಾಷ್ಟ್ರಮಟ್ಟದ ಸಮೀಕ್ಷೆಯ ಪ್ರಕಾರ ಆ ಪಾಲು ಸುಮಾರು 87 ಶೇಕಡಾ, ಜೊತೆಗೆ ಇನ್ನೊಂದು 6 ಶೇಕಡಾ ವಾಹನಗಳೊಳಗೆ. ಹೊರಗಿನ ಯಂತ್ರ ಎಷ್ಟೇ ನಿಖರವಾಗಿದ್ದರೂ ಅದು ಜನರು ದಿನದ ಅತಿ ಸಣ್ಣ ಭಾಗವನ್ನು ಕಳೆಯುವ ಜಾಗವನ್ನು ಅಳೆಯುತ್ತಿರುತ್ತದೆ.

ಈ ಕೊರತೆಯನ್ನು ನೀಗಿಸಲೆಂದು ಸಂಸ್ಥೆಯ ವಿಜ್ಞಾನಿ ಲ್ಯಾನ್ಸ್ ವಾಲೇಸ್ ಮತ್ತು ಅವರ ಸಹೋದ್ಯೋಗಿಗಳು 1979ರಿಂದ ಒಂದು ಹೊಸ ಕ್ರಮವನ್ನು ಕಟ್ಟತೊಡಗಿದರು. ‘ಟೀಮ್’ ಎಂಬ ಇಂಗ್ಲಿಷ್ ಮೊದಲಕ್ಷರಗಳ ಹೆಸರಿನಿಂದ ಪ್ರಸಿದ್ಧವಾದ ಈ ಕ್ರಮದ ತಿರುಳು ಒಟ್ಟು ಒಡ್ಡಿಕೆಯ ಮೌಲ್ಯಮಾಪನ, ಅಂದರೆ ಮಾಲಿನ್ಯ ವ್ಯಕ್ತಿಯನ್ನು ನಿಜಕ್ಕೂ ಎಷ್ಟು ತಲುಪುತ್ತದೆ ಎಂಬ ಲೆಕ್ಕ. ಒಬ್ಬ ವ್ಯಕ್ತಿ ಇಡೀ ದಿನ ಎಲ್ಲೆಲ್ಲಿ ಹೋದರೂ, ಮನೆ, ಕಾರು, ಕಚೇರಿ, ಅಂಗಡಿ ಎನ್ನದೆ, ಆತನ ಉಸಿರಿನ ವಲಯದಲ್ಲಿದ್ದ ಗಾಳಿಯನ್ನೇ ಸಂಗ್ರಹಿಸುವುದು, ಅದರ ಜೊತೆಗೆ ಕುಡಿಯುವ ನೀರನ್ನೂ ಹೊರಬಿಟ್ಟ ಉಸಿರನ್ನೂ ಪರೀಕ್ಷಿಸುವುದು, ಕೊನೆಗೆ ಆ ಮೂರನ್ನೂ ಒಟ್ಟಿಗೆ ಓದುವುದು.

ಮಾಪನ ನಡೆದ ಬಗೆ

ಮೊದಲ ಕಷ್ಟ ಯಾರನ್ನು ಅಳೆಯಬೇಕು ಎಂಬುದು. ತಾವಾಗಿ ಮುಂದೆ ಬಂದ ಸ್ವಯಂಸೇವಕರನ್ನಷ್ಟೇ ಆರಿಸಿಕೊಂಡರೆ ಅವರ ಲೆಕ್ಕ ಅವರದಷ್ಟೇ ಆಗಿರುತ್ತದೆ, ಊರಿನದಾಗುವುದಿಲ್ಲ. ಆದ್ದರಿಂದ ಮನೆಗಳನ್ನು ಸಂಭವನೀಯತೆಯ ನಿಯಮದಂತೆ ಆಯ್ದು, ಮನೆಯವರ ಉದ್ಯೋಗ, ಧೂಮಪಾನ, ಕಾರ್ಖಾನೆಗಳಿಂದ ಇರುವ ದೂರ ಮೊದಲಾದವನ್ನು ಗಮನಿಸಿ ಪದರಗಳಾಗಿ ವಿಂಗಡಿಸಿ, ಆಯ್ಕೆ ಮಾಡಲಾಯಿತು. 1981ರ ಶರತ್ಕಾಲದಲ್ಲಿ 355 ಮಂದಿ ಭಾಗವಹಿಸಿದರು. ಅವರು ಎರಡೂ ಊರುಗಳ ಸುಮಾರು 1,28,000 ನಿವಾಸಿಗಳ ಪ್ರತಿನಿಧಿಗಳು. ಋತು ಬದಲಾದಂತೆ ಕಿಟಕಿ ತೆರೆಯುವ, ಮುಚ್ಚುವ ರೂಢಿಯೂ ಬದಲಾಗುವುದರಿಂದ ಅವರಲ್ಲೇ 157 ಮಂದಿಯನ್ನು 1982ರ ಬೇಸಿಗೆಯಲ್ಲಿ, 49 ಮಂದಿಯನ್ನು 1983ರ ಚಳಿಗಾಲದಲ್ಲಿ ಮತ್ತೆ ಅಳೆಯಲಾಯಿತು. ಹೋಲಿಕೆಗಾಗಿ ನಾರ್ತ್ ಕೆರೊಲಿನಾದ ಗ್ರೀನ್ಸ್‌ಬರೋ ಮತ್ತು ನಾರ್ತ್ ಡಕೋಟಾದ ಡೆವಿಲ್ಸ್ ಲೇಕ್ ಎಂಬ, ಇಂಥ ಕೈಗಾರಿಕೆಗಳಿಲ್ಲದ ಎರಡು ಊರುಗಳಲ್ಲೂ ಸಣ್ಣ ಪ್ರಮಾಣದಲ್ಲಿ ಇದೇ ಕೆಲಸ ನಡೆಯಿತು. ಡೆವಿಲ್ಸ್ ಲೇಕ್ ಅಂತೂ ಅಪ್ಪಟ ಕೃಷಿ ಪ್ರದೇಶದ ಪುಟ್ಟ ಊರು.

ಸಂಗ್ರಹಣೆಯ ಉಪಕರಣವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ, ಏಕೆಂದರೆ ಇಡೀ ಅಧ್ಯಯನ ನಿಂತಿರುವುದು ಅದರ ಮೇಲೆ. ಭಾಗವಹಿಸಿದವರು ಜೇಬುಗಳಿದ್ದ ಒಂದು ತೋಳಿಲ್ಲದ ಅಂಗಿ ತೊಡುತ್ತಿದ್ದರು. ಜೇಬಿನಲ್ಲಿ ಬ್ಯಾಟರಿಯಿಂದ ನಡೆಯುವ ಪುಟ್ಟ ಪಂಪು, ಕುತ್ತಿಗೆಯ ಸಮೀಪ ಟೆನಾಕ್ಸ್ ಎಂಬ ಪಾಲಿಮರ್ ಪುಡಿ ತುಂಬಿದ ಗಾಜಿನ ಕೊಳವೆ. ಪಂಪು ನಿಮಿಷಕ್ಕೆ ಸುಮಾರು 30 ಮಿಲಿಲೀಟರ್ ಗಾಳಿಯನ್ನು ಕೊಳವೆಯ ಮೂಲಕ ಎಳೆಯುತ್ತದೆ, ಗಾಳಿಯಲ್ಲಿರುವ ಸಾವಯವ ಆವಿಗಳು (ಇಂಗಾಲವುಳ್ಳ ರಾಸಾಯನಿಕಗಳ ಆವಿ) ಪುಡಿಗೆ ಅಂಟಿಕೊಳ್ಳುತ್ತವೆ. ಬೆಳಗಿನಿಂದ ಸಂಜೆಯವರೆಗೆ ಒಂದು ಕೊಳವೆ, ಸಂಜೆಯಿಂದ ಮರುದಿನ ಬೆಳಗಿನವರೆಗೆ ಇನ್ನೊಂದು. ಮಲಗುವಾಗ ಉಪಕರಣ ಹಾಸಿಗೆಯ ಪಕ್ಕದಲ್ಲಿರುತ್ತದೆ. ಒಂದಷ್ಟು ಮನೆಗಳ ಹಿತ್ತಲಿನಲ್ಲಿ ಅದೇ ಹೊತ್ತಿಗೆ, ಅದೇ ಬಗೆಯ ಕೊಳವೆ ಹೊರಗಿನ ಗಾಳಿಯನ್ನು ಹಿಡಿಯುತ್ತಿತ್ತು. ಒಳಗಿನದನ್ನೂ ಹೊರಗಿನದನ್ನೂ ಒಂದೇ ಉಪಕರಣದಿಂದ, ಒಂದೇ ಅವಧಿಯಲ್ಲಿ ಅಳೆದದ್ದು ಚಿಕ್ಕ ವಿವರದಂತೆ ಕಂಡರೂ ಮುಂದಿನ ತೀರ್ಮಾನಗಳೆಲ್ಲ ಅದರಿಂದಲೇ ಸಾಧ್ಯವಾದವು. ಸೋಮವಾರದ ಒಳಾಂಗಣವನ್ನು ಗುರುವಾರದ ಹೊರಾಂಗಣದೊಂದಿಗೆ ಹೋಲಿಸಿದರೆ ನಾವು ಓದುವುದು ಗಾಳಿಯ ದಿಕ್ಕು ಬದಲಾದದ್ದನ್ನೋ ವಾಹನದಟ್ಟಣೆ ಬದಲಾದದ್ದನ್ನೋ ಆಗಿರಬಹುದು.

ಈ ಕೊಳವೆಯಲ್ಲಿ ಸಿಕ್ಕುವ ವಸ್ತು ಎಷ್ಟು ಎಂದು ಲೆಕ್ಕ ಹಾಕಿದರೆ ಪ್ರಯೋಗಾಲಯದ ಕೆಲಸದ ಸೂಕ್ಷ್ಮ ಅರ್ಥವಾಗುತ್ತದೆ. ನಿಮಿಷಕ್ಕೆ 30 ಮಿಲಿಲೀಟರಿನಂತೆ 12 ಗಂಟೆ ಎಳೆದರೆ ಒಟ್ಟು ಗಾಳಿ 21.6 ಲೀಟರ್. ಆ ಗಾಳಿಯಲ್ಲಿ ಪ್ರತಿ ಘನ ಮೀಟರಿಗೆ 10 ಮೈಕ್ರೊಗ್ರಾಂ ಬೆಂಜೀನ್ ಇದ್ದರೆ ಕೊಳವೆಯಲ್ಲಿ ಉಳಿಯುವುದು ಸುಮಾರು 0.2 ಮೈಕ್ರೊಗ್ರಾಂ, ಅಂದರೆ ಒಂದು ಗ್ರಾಮಿನ ಐವತ್ತು ಲಕ್ಷದ ಒಂದು ಭಾಗ. ಕೊಳವೆಯನ್ನು ಬಿಸಿ ಮಾಡಿ ಆವಿಗಳನ್ನು ಬಿಡಿಸಿ, ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಮತ್ತು ಮಾಸ್ ಸ್ಪೆಕ್ಟ್ರೊಮೀಟರ್‌ಗಳ ಮೂಲಕ ಬೇರ್ಪಡಿಸಿ ಗುರುತಿಸಬೇಕು. ಟೆನಾಕ್ಸ್ ಬಿಸಿಯಾದಾಗ ತಾನೇ ಸ್ವಲ್ಪ ಬೆಂಜೀನ್ ಬಿಡುವ ಗುಣ ಉಳ್ಳದ್ದು. ಗಾಳಿಯನ್ನೇ ಎಳೆಯದ ಖಾಲಿ ಕೊಳವೆಯಲ್ಲೂ ಆ ಬೆಂಜೀನ್ ಕಾಣಿಸಿಕೊಳ್ಳುವುದರಿಂದ, ಖಾಲಿ ಕೊಳವೆಗಳನ್ನು ಮಾದರಿಗಳ ಜೊತೆಯಲ್ಲೇ ಸಾಗಿಸಿ, ಅವುಗಳ ಅಳತೆಯನ್ನು ಕಳೆಯದೆ ಯಾವ ಸಂಖ್ಯೆಯನ್ನೂ ನಂಬುವಂತಿಲ್ಲ. ಜೋಡಿ ಕೊಳವೆಗಳಿಂದ ಪುನರಾವರ್ತನೆಯನ್ನು ಪರೀಕ್ಷಿಸಿದರು. ಗೊತ್ತಿರುವ ಪ್ರಮಾಣದ ರಾಸಾಯನಿಕ ಸೇರಿಸಿದ ಕೊಳವೆಗಳಿಂದ ಎಷ್ಟು ಮರಳಿ ಸಿಗುತ್ತದೆ ಎಂದು ನೋಡಿದರು. ಇಂದು ಅಗ್ಗದ ಸಂವೇದಕವೊಂದು ಪರದೆಯ ಮೇಲೆ ತೋರಿಸುವ ಅಂಕಿಯನ್ನು ನೋಡಿದ ಕೂಡಲೇ ನಿರ್ಣಯಕ್ಕೆ ಬರುವವರು ಈ ಹಂತಗಳನ್ನು ಗಮನಿಸಬೇಕೆಂದು ನನ್ನ ಆಗ್ರಹ. ಶೂನ್ಯ ಎಷ್ಟೆಂದು ಮೊದಲು ತಿಳಿಯದೆ ಅಳತೆ ಆರಂಭವಾಗುವುದೇ ಇಲ್ಲ.

ಟೆನಾಕ್ಸ್‌ಗೆ ಮಿತಿಯೂ ಉಂಟು. ವಿನೈಲ್ ಕ್ಲೋರೈಡ್, ಮಿಥಿಲೀನ್ ಕ್ಲೋರೈಡ್ ಮುಂತಾದ, ಬಹುಬೇಗ ಆವಿಯಾಗುವ ವಸ್ತುಗಳನ್ನು ಅದು ಹಿಡಿದಿಟ್ಟುಕೊಳ್ಳುವುದಿಲ್ಲ. ಆದುದರಿಂದ ಗುರಿಯಾಗಿಟ್ಟುಕೊಂಡ ಸುಮಾರು 20 ಸಂಯುಕ್ತಗಳ ಪಟ್ಟಿ, ಊರಿನ ಗಾಳಿಯಲ್ಲಿದ್ದ ಎಲ್ಲದರ ಪಟ್ಟಿಯಾಗಿರಲಿಲ್ಲ.

ಉಸಿರಿನ ಸಾಕ್ಷ್ಯ

ಇಡೀ ಕ್ರಮದಲ್ಲಿ ನನಗೆ ಅತ್ಯಂತ ಮೌಲಿಕವೆನಿಸುವುದು ಉಸಿರಿನ ಪರೀಕ್ಷೆ. 24 ಗಂಟೆಗಳ ಸಂಗ್ರಹಣೆ ಮುಗಿದ ಬಳಿಕ ವ್ಯಕ್ತಿಯನ್ನು ಒಂದು ವ್ಯಾನಿನೊಳಗೆ ಕೂರಿಸಿ, ಶುದ್ಧೀಕರಿಸಿ ತೇವಗೊಳಿಸಿದ ಗಾಳಿಯನ್ನು ಒಂದು ದೊಡ್ಡ ಚೀಲದಿಂದ ಉಸಿರಾಡಲು ಕೊಟ್ಟು, ಆತ ಹೊರಬಿಟ್ಟ ಉಸಿರನ್ನು ಇನ್ನೊಂದು ಚೀಲದಲ್ಲಿ ತುಂಬಿಸಿಕೊಂಡು, ಅದನ್ನೂ ಟೆನಾಕ್ಸ್ ಕೊಳವೆಯ ಮೂಲಕ ಹಾಯಿಸಲಾಗುತ್ತಿತ್ತು. ಒಳಗೆ ಹೋದ ಗಾಳಿ ಶುದ್ಧವಾಗಿದ್ದುದರಿಂದ ಹೊರಬಂದ ಬೆಂಜೀನ್ ಆತನ ರಕ್ತದಿಂದ ಬಂದದ್ದೇ ಆಗಿರಬೇಕು. ಕೊಳವೆಯ ಅಳತೆಯಲ್ಲಿ ಎಲ್ಲೋ ದೋಷ ನುಸುಳಿರಬಹುದು, ದಿನಚರಿಯ ಪ್ರಶ್ನಾವಳಿಗೆ ಉತ್ತರಿಸುವಾಗ ವ್ಯಕ್ತಿಗೆ ಮರೆವು ಇರಬಹುದು. ದೇಹ ಮಾತ್ರ ಕಳೆದ ಕೆಲವು ಗಂಟೆಗಳ ಲೆಕ್ಕವನ್ನು ತನ್ನದೇ ರೀತಿಯಲ್ಲಿ ಇಟ್ಟುಕೊಂಡಿರುತ್ತದೆ. ವ್ಯಕ್ತಿ ಹೊತ್ತಿದ್ದ ಕೊಳವೆಯ ಅಳತೆಗೂ ಆತನ ಉಸಿರಿನ ಅಳತೆಗೂ ಹಲವು ಸಂಯುಕ್ತಗಳ ವಿಷಯದಲ್ಲಿ ಸ್ಪಷ್ಟ ಸಂಬಂಧ ಕಂಡಿತು. ಹಿತ್ತಲಿನ ಗಾಳಿಯ ಅಳತೆಗೆ ಅಂಥ ಸಂಬಂಧ ಇರಲಿಲ್ಲ. ಹೊರಾಂಗಣ ಕೇಂದ್ರವೊಂದರ ಸರಾಸರಿಯಿಂದ ವ್ಯಕ್ತಿಯ ಒಡ್ಡಿಕೆಯನ್ನು ಊಹಿಸುವ ಪದ್ಧತಿಗೆ ಇದಕ್ಕಿಂತ ನೇರವಾದ ಪರೀಕ್ಷೆ ಬೇರೆ ಇರಲಾರದು.

ಕಂಡ ಸಂಗತಿಗಳು

ಹೆಚ್ಚುಕಡಿಮೆ ಎಲ್ಲ ಪ್ರಮುಖ ಸಂಯುಕ್ತಗಳಲ್ಲೂ ವೈಯಕ್ತಿಕ ಒಡ್ಡಿಕೆ ಹೊರಗಿನ ಸಾಂದ್ರತೆಗಿಂತ ಹೆಚ್ಚಾಗಿತ್ತು. ರಾತ್ರಿಯ ವೈಯಕ್ತಿಕ ಮಾದರಿಗಳು ಬಹುಪಾಲು ಮನೆಯೊಳಗಿನವೇ ಆದ್ದರಿಂದ ಅವನ್ನು ಒಳಾಂಗಣದ ಗಾಳಿಯ ಅಳತೆಯೆಂದೇ ಓದಬಹುದಾಗಿತ್ತು, ಅವೂ ಹಿತ್ತಲಿನ ಅಳತೆಗಳನ್ನು ಮೀರಿದ್ದವು. ಟೀಮ್ ಅಧ್ಯಯನಗಳ ಒಟ್ಟು ಫಲಿತಾಂಶವನ್ನು ಸಂಸ್ಥೆ ಹೇಳಿದ ಕ್ರಮ ಹೀಗೆ: ಸುಮಾರು ಒಂದು ಡಜನ್ ಸಾಮಾನ್ಯ ಸಾವಯವ ಮಾಲಿನ್ಯಕಾರಕಗಳ ಮಟ್ಟ ಮನೆಯ ಹೊರಗಿಗಿಂತ ಒಳಗೆ 2ರಿಂದ 5 ಪಟ್ಟು ಹೆಚ್ಚು, ಮನೆ ಹಳ್ಳಿಗಾಡಿನಲ್ಲಿರಲಿ, ದಟ್ಟ ಕೈಗಾರಿಕಾ ಪ್ರದೇಶದಲ್ಲಿರಲಿ. ಶುದ್ಧೀಕರಣಾಗಾರ, ಟ್ಯಾಂಕು, ಕಾರ್ಖಾನೆಗಳಿಗೆ ಸಮೀಪ ಇರುವವರ ಒಡ್ಡಿಕೆಯನ್ನು ದೂರ ಇರುವವರದರೊಂದಿಗೆ ಹೋಲಿಸಿದಾಗ ಆ ಸಾಮೀಪ್ಯದ ಪರಿಣಾಮ ಅಳತೆಗೆ ಸಿಗಲಿಲ್ಲ.

ಹಾಗಾದರೆ ಮೂಲಗಳು ಯಾವುವು? ಜನರ ದಿನಚರಿಯನ್ನು ಅಳತೆಗಳ ಪಕ್ಕದಲ್ಲಿಟ್ಟು ನೋಡಿದಾಗ ಅವು ಒಂದೊಂದಾಗಿ ಕಂಡವು. ಡ್ರೈಕ್ಲೀನಿಂಗ್ ಮಾಡಿಸಿದ ಬಟ್ಟೆಗಳು ಬೀರುವಿನೊಳಗೆ ತೂಗಿಕೊಂಡೇ ದಿನಗಟ್ಟಲೆ ಟೆಟ್ರಾಕ್ಲೋರೋಎಥಿಲೀನ್ ಎಂಬ ದ್ರಾವಕದ ಆವಿ ಬಿಡುತ್ತವೆ. ನುಸಿ ಗುಳಿಗೆಗಳು ಮತ್ತು ಶೌಚಾಲಯದಲ್ಲಿಡುವ ಸುವಾಸನೆಯ ಬಿಲ್ಲೆಗಳು ಪ್ಯಾರಾ-ಡೈಕ್ಲೋರೋಬೆಂಜೀನ್‌ನ ಮೂಲ. ಆವಿಯಾಗಿ ಮನೆಯ ಗಾಳಿಯನ್ನು ತುಂಬುವುದೇ ಅವುಗಳ ಕೆಲಸ. ನಲ್ಲಿ ನೀರಿನ ಕ್ಲೋರಿನ್ ನೀರಿನಲ್ಲಿರುವ ಸಾವಯವ ಅಂಶಗಳೊಂದಿಗೆ ವರ್ತಿಸಿ ಕ್ಲೋರೋಫಾರ್ಮ್ ಉಂಟಾಗುತ್ತದೆ, ಬಿಸಿನೀರಿನ ಷವರ್ ಅದನ್ನು ಸ್ನಾನದ ಕೋಣೆಯ ಗಾಳಿಗೆ ಬಿಡುತ್ತದೆ. ನೀರನ್ನೂ ಪರೀಕ್ಷೆಗೆ ಸೇರಿಸಿಕೊಂಡಿದ್ದರ ಬೆಲೆ ಇಲ್ಲಿ ತಿಳಿಯುತ್ತದೆ. ಗಾಳಿಯನ್ನಷ್ಟೇ ಅಳೆದಿದ್ದರೆ ಕ್ಲೋರೋಫಾರ್ಮ್‌ನ ಮೂಲ ನಲ್ಲಿಯಲ್ಲಿದೆ ಎಂದು ತೋರುವುದು ಕಷ್ಟವಿತ್ತು.

ಬೆಂಜೀನ್‌ನ ಕಥೆ ಇವೆಲ್ಲಕ್ಕಿಂತ ಗಂಭೀರ. ಇದು ಮನುಷ್ಯರಲ್ಲಿ ರಕ್ತದ ಕ್ಯಾನ್ಸರ್ ತರುವುದು ಖಚಿತವಾಗಿರುವ ವಸ್ತು, ಅಮೆರಿಕ ಇದನ್ನು 1977ರಲ್ಲೇ ಅಪಾಯಕಾರಿ ವಾಯುಮಾಲಿನ್ಯಕಾರಕಗಳ ಪಟ್ಟಿಗೆ ಸೇರಿಸಿತ್ತು. ಟೀಮ್ ಅಳತೆಗಳ ಆಧಾರದ ಮೇಲೆ ವಾಲೇಸ್ ಮಾಡಿದ ರಾಷ್ಟ್ರಮಟ್ಟದ ಅಂದಾಜಿನಲ್ಲಿ, ವಾತಾವರಣಕ್ಕೆ ಹೊರಹೋಗುವ ಬೆಂಜೀನ್‌ನಲ್ಲಿ ವಾಹನಗಳದು ಸುಮಾರು 82 ಶೇಕಡಾ, ಕೈಗಾರಿಕೆಗಳದು 14 ಶೇಕಡಾ, ಸಿಗರೇಟಿನದು ಬರೀ 0.1 ಶೇಕಡಾ. ಜನರ ಒಡ್ಡಿಕೆಯ ಲೆಕ್ಕದಲ್ಲಿ ಮಾತ್ರ ಕೈಗಾರಿಕೆಗಳ ಪಾಲು 3 ಶೇಕಡಾಕ್ಕೆ ಇಳಿದು, ಧೂಮಪಾನದ ಪಾಲು 45 ಶೇಕಡಾಕ್ಕೆ ಏರುತ್ತದೆ. ಧೂಮಪಾನಿಗಳ ದೇಹದಲ್ಲಿದ್ದ ಬೆಂಜೀನ್ ಇತರರದಕ್ಕಿಂತ 6ರಿಂದ 10 ಪಟ್ಟು ಹೆಚ್ಚು ಎಂದು ಉಸಿರಿನ ಪರೀಕ್ಷೆ ತೋರಿಸಿತು. ಧೂಮಪಾನಿಗಳಿದ್ದ ಮನೆಗಳ ಗಾಳಿಯಲ್ಲೂ ಬೆಂಜೀನ್ ಹೆಚ್ಚಿತ್ತು, ಅಂದರೆ ಆ ಮನೆಗಳ ಮಕ್ಕಳು ಅದನ್ನು ಆಯ್ಕೆಯಿಲ್ಲದೆ ಉಸಿರಾಡುತ್ತಿದ್ದರು.

ಸಾವಿರದಲ್ಲಿ ಒಂದು ಪಾಲಿನ ಮೂಲವೊಂದು ಹತ್ತಿರ ಹತ್ತಿರ ಅರ್ಧದಷ್ಟು ಒಡ್ಡಿಕೆಗೆ ಕಾರಣವಾಗುವುದು ಹೇಗೆ ಎಂಬ ಅನುಮಾನ ಸಹಜ. ಲೆಕ್ಕ ಸರಳ. ಒಂದು ಸಿಗರೇಟಿನ ಹೊಗೆಯನ್ನು ನೇರ ಎಳೆದುಕೊಂಡಾಗ ಸಿಗುವ ಬೆಂಜೀನ್ ಕೆಲವು ಹತ್ತು ಮೈಕ್ರೊಗ್ರಾಂ. 40 ಎಂದು ಹಿಡಿದರೂ ದಿನಕ್ಕೆ 20 ಸಿಗರೇಟಿಗೆ 800 ಮೈಕ್ರೊಗ್ರಾಂ ಆಯಿತು. ಘನ ಮೀಟರಿಗೆ 5 ಮೈಕ್ರೊಗ್ರಾಂ ಬೆಂಜೀನ್ ಇರುವ ಹೊರಗಿನ ಗಾಳಿಯನ್ನು ದಿನಕ್ಕೆ 20 ಘನ ಮೀಟರ್ ಉಸಿರಾಡಿದರೆ ಸಿಗುವುದು 100 ಮೈಕ್ರೊಗ್ರಾಂ. ಚಿಮಣಿಯಿಂದ ಹೊರಟದ್ದು ಯಾರ ಶ್ವಾಸಕೋಶವನ್ನೂ ತಲುಪುವ ಮೊದಲು ಲಕ್ಷಾಂತರ ಘನ ಮೀಟರ್ ಗಾಳಿಯಲ್ಲಿ ಬೆರೆತು ತೆಳುವಾಗಿರುತ್ತದೆ, ಬೆರಳುಗಳ ನಡುವಿನಿಂದ ಹೊರಟದ್ದು ತೆಳುವಾಗಲು ಸಮಯವೇ ಇಲ್ಲ.

ಮನೆಯೊಳಗೆ ನಿಧಾನವಾಗಿ ಆವಿ ಬಿಡುವ ವಸ್ತುವಿಗೂ ಇದೇ ತರ್ಕ ಅನ್ವಯಿಸುತ್ತದೆ. 250 ಘನ ಮೀಟರ್ ಗಾಳಿ ಹಿಡಿಸುವ, ಎರಡು ಗಂಟೆಗೊಮ್ಮೆ ಗಾಳಿ ಪೂರ್ತಿ ಬದಲಾಗುವ ಮನೆಯಲ್ಲಿ ಗಂಟೆಗೆ 1 ಮಿಲಿಗ್ರಾಂ ಆವಿ ಬಿಡುವ ಮೂಲವೊಂದಿದ್ದರೆ, ಗಂಟೆಗೆ ಒಳಬರುವ ಹೊಸ ಗಾಳಿ 125 ಘನ ಮೀಟರ್ ಆದ್ದರಿಂದ, ಒಳಗಿನ ಸಾಂದ್ರತೆ ಹೊರಗಿನದಕ್ಕಿಂತ ಸದಾ ಘನ ಮೀಟರಿಗೆ 8 ಮೈಕ್ರೊಗ್ರಾಂ ಮೇಲೇ ಇರುತ್ತದೆ. ಕಿಟಕಿ ಮುಚ್ಚಿ ಗಾಳಿಯ ಬದಲಾವಣೆಯನ್ನು ಅರ್ಧಕ್ಕಿಳಿಸಿದರೆ ಅದು 16ಕ್ಕೆ ಏರುತ್ತದೆ. ಇಡೀ ಊರಿನ ಹೊರಸೂಸುವಿಕೆಯ ಪಟ್ಟಿಯಲ್ಲಿ ಗಂಟೆಗೆ ಒಂದು ಮಿಲಿಗ್ರಾಂ ಬಿಡುವ ಮೂಲಕ್ಕೆ ಒಂದು ಸಾಲೂ ಸಿಗಲಾರದು.

ಸರಾಸರಿಗಳನ್ನು ಓದುವಾಗಿನ ಒಂದು ಎಚ್ಚರಿಕೆಯನ್ನೂ ಇಲ್ಲೇ ಹೇಳಬೇಕು. ಒಂದೇ ಊರಿನ, ಒಂದೇ ದಿನದ ವೈಯಕ್ತಿಕ ಒಡ್ಡಿಕೆಗಳ ನಡುವೆ ನೂರಾರು ಪಟ್ಟು ಅಂತರವಿತ್ತು. ಇಂಥ ಹಂಚಿಕೆಯಲ್ಲಿ ಮೇಲಿನ ತುದಿಯ ಕೆಲವೇ ಮಂದಿ ಸರಾಸರಿಯನ್ನು ಎತ್ತಿಬಿಡುತ್ತಾರೆ, ಮಧ್ಯಾಂಕ (ಅಳತೆಗಳನ್ನು ಕ್ರಮವಾಗಿ ಜೋಡಿಸಿದಾಗ ನಡುವೆ ಬರುವ ಬೆಲೆ) ಅವರನ್ನು ಪೂರ್ತಿ ಮರೆಮಾಚುತ್ತದೆ. ಆರೋಗ್ಯದ ದೃಷ್ಟಿಯಿಂದ ಮುಖ್ಯರಾದವರು ಆ ಮೇಲಿನ ತುದಿಯವರೇ. ಆದ್ದರಿಂದ ಎರಡನ್ನೂ ಕೊಟ್ಟು, ಮೇಲಿನ ತುದಿಯನ್ನು ಬೇರೆಯಾಗಿ ವಿವರಿಸದ ವರದಿಯನ್ನು ಅಪೂರ್ಣ ಎಂದೇ ತಿಳಿಯಬೇಕು.

ಈ ಫಲಿತಾಂಶ ಏನನ್ನು ಹೇಳುವುದಿಲ್ಲ

ಕಾರ್ಖಾನೆಗಳಿಂದ ತೊಂದರೆಯಿಲ್ಲ ಎಂದು ಈ ಪ್ರಕರಣದಿಂದ ವಾದಿಸುವುದು ಸುಲಭ, ಆದರೆ ಆ ವಾದ ನಿಲ್ಲುವುದಿಲ್ಲ. ಅಳೆದದ್ದು 12 ಗಂಟೆಗಳ ಸರಾಸರಿ. ಕಾರ್ಖಾನೆಯಿಂದ ಅರ್ಧ ಗಂಟೆ ನುಗ್ಗಿಬಂದ ದಟ್ಟ ಅನಿಲ ಆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಟೆನಾಕ್ಸ್ ಹಿಡಿಯದ ವಿನೈಲ್ ಕ್ಲೋರೈಡ್‌ನಂಥವು ಕೈಗಾರಿಕೆಯಿಂದಲೇ ಬರುವಂಥವು, ಅವುಗಳ ಬಗ್ಗೆ ಈ ಅಳತೆ ಮೌನವಾಗಿದೆ. ಗಂಧಕದ ಡೈಆಕ್ಸೈಡ್, ಓಜೋನ್, ಸೀಸ, ಧೂಳಿನ ಕಣಗಳು ಈ ಅಧ್ಯಯನದ ವ್ಯಾಪ್ತಿಯಲ್ಲೇ ಇರಲಿಲ್ಲ. ಇದಲ್ಲದೆ, ತನ್ನ ಮನೆಯ ನುಸಿ ಗುಳಿಗೆಯನ್ನು ಒಬ್ಬ ಇವತ್ತೇ ಎಸೆಯಬಹುದು, ಪಕ್ಕದ ಟ್ಯಾಂಕನ್ನು ಆತ ಏನೂ ಮಾಡಲಾರ. ತಾನು ತಪ್ಪಿಸಿಕೊಳ್ಳಲಾಗದ ಒಡ್ಡಿಕೆಯನ್ನು ತಪ್ಪಿಸಿಕೊಳ್ಳಬಹುದಾದದ್ದರ ಜೊತೆ ಬರೀ ಮೈಕ್ರೊಗ್ರಾಂ ಲೆಕ್ಕದಲ್ಲಿ ತೂಗುವುದು ನ್ಯಾಯವಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಹೊರಗಿನ ಗಾಳಿ ಒಳಗಿನ ಗಾಳಿಯ ತಳಮಟ್ಟವನ್ನು ನಿರ್ಧರಿಸುತ್ತದೆ ಎಂಬುದನ್ನೂ ಮರೆಯುವಂತಿಲ್ಲ, ಕಿಟಕಿ ತೆರೆದು ಶುದ್ಧಗೊಳಿಸಬೇಕಾದರೆ ಕಿಟಕಿಯಾಚೆ ಶುದ್ಧ ಗಾಳಿ ಇರಬೇಕು.

ಮಾಲಿನ್ಯಕಾರಕ ಬದಲಾದರೆ ಒಳಗೆ-ಹೊರಗೆಯ ಸಮೀಕರಣವೂ ಬದಲಾಗುತ್ತದೆ ಎಂಬುದಕ್ಕೆ ಇದೇ ಕ್ರಮದ ಮುಂದುವರಿಕೆಯಾಗಿ 1990ರ ಶರತ್ಕಾಲದಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ನಡೆದ ಕಣಗಳ ಮಾಪನ ಉತ್ತಮ ಸಾಕ್ಷಿ. ಅಲ್ಲಿ ಧೂಮಪಾನ ಮಾಡದ 178 ನಿವಾಸಿಗಳು ಆವಿಯ ಕೊಳವೆಯ ಬದಲು ಪಿಎಂ10 ಕಣಗಳನ್ನು (10 ಮೈಕ್ರೊಮೀಟರ್ ಅಥವಾ ಅದಕ್ಕಿಂತ ಸಣ್ಣ ಧೂಳಿನ ಕಣಗಳನ್ನು) ಶೋಧಿಸುವ ಉಪಕರಣ ಹೊತ್ತಿದ್ದರು. ರಾತ್ರಿಯ ಸರಾಸರಿಯಲ್ಲಿ ಹೊರಗಿನ ಸಾಂದ್ರತೆ ಘನ ಮೀಟರಿಗೆ 86 ಮೈಕ್ರೊಗ್ರಾಂ, ಮನೆಯೊಳಗೆ 63: ಇಲ್ಲಿ ಹೊರಗೇ ಹೆಚ್ಚು. ಸಾವಯವ ಆವಿಗಳ ಪಾಠವನ್ನು ಕಣಗಳಿಗೆ ಹಾಗೆಯೇ ಹೊಂದಿಸಿದ್ದರೆ ತಪ್ಪು ತೀರ್ಮಾನ ಬರುತ್ತಿತ್ತು. ಹಗಲಿನಲ್ಲಿ ಒಳಗೂ ಹೊರಗೂ ಹೆಚ್ಚುಕಡಿಮೆ 95 ಇದ್ದಾಗ ಜನ ಹೊತ್ತಿದ್ದ ಉಪಕರಣಗಳು ಮಾತ್ರ 150ರಷ್ಟು ತೋರಿಸಿದವು. ಕೋಣೆಯಲ್ಲಿ ಒಂದೆಡೆ ಇಟ್ಟ ಯಂತ್ರವೂ ಹಿತ್ತಲಿನ ಯಂತ್ರವೂ ಕಾಣದ ಈ ಹೆಚ್ಚುವರಿಯನ್ನು ಸಂಶೋಧಕರು ವೈಯಕ್ತಿಕ ಮೋಡವೆಂದು ಕರೆದರು. ನಡೆದಾಡುವಾಗ, ಕಸ ಗುಡಿಸುವಾಗ, ಹಾಸಿಗೆ ಕೊಡವುವಾಗ ನೆಲದಿಂದ, ಬಟ್ಟೆಯಿಂದ ಮೇಲೇಳುವ ಧೂಳು ಅದರ ಮುಖ್ಯ ಕಾರಣವೆಂದು ತಿಳಿಯಲಾಗಿದೆ. ರಾತ್ರಿ ಎಲ್ಲರೂ ಮಲಗಿದಾಗ ಜನರ ಉಪಕರಣದ ಅಳತೆ 77ಕ್ಕೆ ಇಳಿದು ಕೋಣೆಯ ಅಳತೆಗೆ ಸಮೀಪ ಬಂದದ್ದು ಆ ವಿವರಣೆಗೆ ಹೊಂದುತ್ತದೆ.